ಹವಾಯಿ ಬಿಗ್ ಐಲ್ಯಾಂಡ್‌ನಲ್ಲಿ ಮನೆ: ಯಾವ ಮಗ್ಗುಲು, ಎಷ್ಟು ಎತ್ತರ?

ಚಿಗುರೆಲೆ:
ಎಲ್ಲರಿಗೂ ನಮಸ್ಕಾರ. ಹವಾಯಿಯ ಬಿಗ್ ಐಲ್ಯಾಂಡ್‌ನಲ್ಲಿ ನೆಲೆಸಲು ಜಾಗ ಹುಡುಕುತ್ತಿದ್ದೇವೆ. ಮನೆಯಲ್ಲಿ ನಾಲ್ಕು ಜನ. ಒಬ್ಬರದು ಮನೆಯಿಂದಲೇ ಮಾಡುವ ಕೆಲಸ, ಇನ್ನೊಬ್ಬರು ನರ್ಸ್. ಅತ್ತೆಯವರಿಗೆ ಉಬ್ಬಸ ಇದೆ, ಮಗು ಚಿಕ್ಕದು. ಹಿತ್ತಲಲ್ಲಿ ಬಾಳೆ, ಬಸಳೆ, ಹೀರೆ, ಕರಿಬೇವು ಬೆಳೆಯಬೇಕು. ಜಾಹೀರಾತು ನೋಡಿದರೆ ಆಗ್ನೇಯದ ಪುನಾ ಕಡೆ ಒಂದು ಎಕರೆ ನಿವೇಶನ, ಪಶ್ಚಿಮದ ಕೋನಾ ಕಡೆಯ ಸಣ್ಣ ಫ್ಲ್ಯಾಟಿಗಿಂತ ಅಗ್ಗ. ಒಂದೇ ದ್ವೀಪದಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಎಲ್ಲಿಂದ ಲೆಕ್ಕ ಶುರು ಮಾಡಬೇಕು?

ಗಾಳಿಮರೆ:
ಮನೆ ನೋಡುವ ಮೊದಲು ಎರಡು ಪ್ರಶ್ನೆಗೆ ಉತ್ತರ ಬರೆದುಕೊಳ್ಳಿ. ಬೆಟ್ಟದ ಯಾವ ಮಗ್ಗುಲು? ಸಮುದ್ರದಿಂದ ಎಷ್ಟು ಅಡಿ ಮೇಲೆ? ಈ ದ್ವೀಪದಲ್ಲಿ ವಿಳಾಸಕ್ಕಿಂತ ಈ ಎರಡು ಸಂಗತಿ ಹೆಚ್ಚು ಹೇಳುತ್ತವೆ.

ದ್ವೀಪದ ವಿಸ್ತೀರ್ಣ ಸುಮಾರು 10,430 ಚದರ ಕಿಲೋಮೀಟರ್. ಮೌನಾ ಕೇಯಾ 4,207 ಮೀಟರ್, ಮೌನಾ ಲೋವಾ 4,169 ಮೀಟರ್. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತ ಈ ಎರಡು ಗೋಡೆಗಳಿಗೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಪೂರ್ವದ ಇಳಿಜಾರಿನಲ್ಲೇ ಮಳೆ ಸುರಿಸುತ್ತದೆ. ಹಿಲೋ ವಿಮಾನ ನಿಲ್ದಾಣದಲ್ಲಿ ವರ್ಷಕ್ಕೆ ಸುಮಾರು 3,200 ಮಿಲಿಮೀಟರ್. ಅಲ್ಲಿಂದ ಬೆಟ್ಟದ ಕಡೆಗೆ 2,000-3,000 ಅಡಿ ಏರಿದರೆ 5,000 ದಾಟುತ್ತದೆ. ಪಶ್ಚಿಮದ ಕವೈಹೇ ಬಂದರಿನಲ್ಲಿ 250ರ ಆಸುಪಾಸು. ಆಗುಂಬೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಆಗುವ ಬದಲಾವಣೆಯನ್ನು ಇಲ್ಲಿ ಒಂದೂವರೆ ಗಂಟೆಯ ಕಾರಿನ ದಾರಿಯಲ್ಲಿ ಕಾಣಬಹುದು.

ಎತ್ತರ ಏರುತ್ತ ಹೋದಂತೆ ಮಳೆಯೂ ಹೆಚ್ಚುತ್ತ ಹೋಗುವುದಿಲ್ಲ. ಸುಮಾರು 6,000ದಿಂದ 8,000 ಅಡಿಯಲ್ಲಿ ಬಿಸಿ ಗಾಳಿಯ ಪದರವೊಂದು ಮುಚ್ಚಳ ಹಾಕಿದ ಹಾಗೆ ಕೂತಿರುತ್ತದೆ. ಮೋಡ ಅದನ್ನು ದಾಟಿ ಏರುವುದು ಅಪರೂಪ. ಮೌನಾ ಕೇಯಾ ನೆತ್ತಿಯ ಮೇಲೆ ದೂರದರ್ಶಕಗಳಿಗೆ ಒಣ, ನಿರ್ಮಲ ಆಕಾಶ ಸಿಗುವುದು ಅದರಿಂದಲೇ.

ಚಳಿಯ ಲೆಕ್ಕ ಸುಲಭ. ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ 2 ಡಿಗ್ರಿ ಸೆಲ್ಸಿಯಸ್ ಇಳಿಸಿ. ಕರಾವಳಿಯಲ್ಲಿ ಹಗಲು 29 ಇದ್ದರೆ 2,600 ಅಡಿಯ, ಉತ್ತರದ ವೈಮೇಯಾ ಊರಲ್ಲಿ 23-24, ಸುಮಾರು 3,800 ಅಡಿಯ ವಾಲ್ಕೆನೋ ಊರಲ್ಲಿ 20-21. ವಾಲ್ಕೆನೋದಲ್ಲಿ ರಾತ್ರಿ 10ರ ಕೆಳಗೂ ಇಳಿಯುತ್ತದೆ, ಸೌದೆ ಒಲೆ ಇಲ್ಲದ ಮನೆ ಅಲ್ಲಿ ಕಷ್ಟ.

ಇನ್ನೊಂದು ಮಾತು. ಕೋನಾದ ಇಳಿಜಾರಿನಲ್ಲಿ ಮಳೆಗಾಲ ತಿರುಗುಮುರುಗು. ಬೇರೆ ಕಡೆ ಅಕ್ಟೋಬರ್‌ನಿಂದ ಏಪ್ರಿಲ್ ತನಕ ಮಳೆ ಹೆಚ್ಚು, ಕೋನಾದಲ್ಲಿ ಬೇಸಿಗೆಯಲ್ಲೇ ಹೆಚ್ಚು. ಬೆಟ್ಟಗಳ ಮರೆಯಲ್ಲಿ ಇರುವುದರಿಂದ ಅಲ್ಲಿ ವಾಣಿಜ್ಯ ಮಾರುತದ ಒತ್ತಡ ಕಡಿಮೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಕಡಲ ಗಾಳಿ ಮೇಲೇರಿ ಮೋಡ, ಸಂಜೆ ಮಳೆ. ಜನವರಿಯಲ್ಲಿ ಹೋಗಿ ಕೋನಾ ನೋಡಿ ‘ಇಲ್ಲಿ ಮಳೆಯೇ ಇಲ್ಲ’ ಅಂತ ತೀರ್ಮಾನಿಸಬೇಡಿ.

ಕಪ್ಪುನೆಲ:
ಬೆಲೆ ಯಾಕೆ ಕಡಿಮೆ ಅಂತ ಕೇಳಿದಿರಿ. ಬಹುಪಾಲು ಉತ್ತರ ಲಾವಾ ವಲಯದ ನಕ್ಷೆಯಲ್ಲಿದೆ.

ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 1974ರಲ್ಲಿ ಮೊದಲು ಮಾಡಿ 1992ರಲ್ಲಿ ಪರಿಷ್ಕರಿಸಿದ ನಕ್ಷೆ ಅದು. ದ್ವೀಪವನ್ನು 1ರಿಂದ 9ರ ತನಕ ವಲಯಗಳಾಗಿ ಹಂಚುತ್ತದೆ. 1 ಅತಿ ಅಪಾಯ: ಕಿಲಾವೇಯಾ ಮತ್ತು ಮೌನಾ ಲೋವಾ ಜ್ವಾಲಾಮುಖಿಗಳ ಶಿಖರ, ಮತ್ತು ನೆಲ ಬಿರಿದು ಲಾವಾ ಉಕ್ಕುವ ಬಿರುಕು ಪಟ್ಟಿಗಳು. 9 ಅಂದರೆ ಉತ್ತರ ತುದಿಯ ಕೊಹಾಲಾ, ಅಲ್ಲಿ ಕಳೆದ 60,000 ವರ್ಷಗಳಲ್ಲಿ ಸ್ಫೋಟವೇ ಆಗಿಲ್ಲ.

ವಲಯ 1ರಲ್ಲಿ 1800ರಿಂದೀಚೆಗೆ ಕಾಲು ಭಾಗಕ್ಕಿಂತ ಹೆಚ್ಚು ನೆಲ ಲಾವಾ ಕೆಳಗೆ ಹೋಗಿದೆ. ವಲಯ 2ರಲ್ಲಿ ಶೇ. 15-25. ವಲಯ 3ರಲ್ಲಿ ಶೇ. 1-5. ಪಟ್ಟಣವಾರು ಹೇಳುವುದಾದರೆ, ಹಿಲೋ 3, ಕೈಲುವಾ-ಕೋನಾ ಹೆಚ್ಚಾಗಿ 4, ಈಶಾನ್ಯದ ಹಾಮಾಕುವಾ ಕರಾವಳಿ 8, ಪುನಾದ ಬಡಾವಣೆ ಲೇಲಾನಿ ಎಸ್ಟೇಟ್ಸ್ 1. 2018ರ ಮೇ 3ರಂದು ಬಿರುಕು ಬಾಯಿ ತೆರೆದದ್ದು ಲೇಲಾನಿಯ ಬೀದಿಗಳಲ್ಲೇ, ಕೆಲವೇ ತಿಂಗಳಲ್ಲಿ ಪುನಾದ ಸುಮಾರು 700 ಮನೆಗಳು ಹೋದವು.

ಪಶ್ಚಿಮದಲ್ಲಿದ್ದರೆ ಸುರಕ್ಷಿತ ಎನ್ನುವುದು ಪೂರ್ತಿ ಸರಿಯಲ್ಲ. 1950ರಲ್ಲಿ ಮೌನಾ ಲೋವಾದ ನೈಋತ್ಯ ಬಿರುಕಿನಿಂದ ಹೊರಟ ಲಾವಾ ದಕ್ಷಿಣ ಕೋನಾದಲ್ಲಿ ಸುಮಾರು ಮೂರು ಗಂಟೆಯಲ್ಲಿ ಸಮುದ್ರ ಮುಟ್ಟಿತ್ತು. ಅಲ್ಲಿ ಇಳಿಜಾರು ಕಡಿದಾದದ್ದು, ಮನೆ ಖಾಲಿ ಮಾಡಲು ಸಿಗುವ ಸಮಯ ಕಡಿಮೆ. ಕೋನಾ ವಿಮಾನ ನಿಲ್ದಾಣ ನಿಂತಿರುವುದು ಹುವಲಾಲೈ ಬೆಟ್ಟದ 1801ರ ಲಾವಾದ ಮೇಲೆ.

ಇದು ಹಣಕಾಸಿಗೆ ತಗಲುವುದು ಹೀಗೆ. ವಲಯ 1 ಮತ್ತು 2ರಲ್ಲಿ ಕೇಂದ್ರ ಸರ್ಕಾರದ ಖಾತರಿಯ ಎಫ್‌ಎಚ್‌ಎ ಸಾಲ ಸಿಗುವುದಿಲ್ಲ, ಉಳಿದ ಬ್ಯಾಂಕುಗಳಲ್ಲಿ ಬಹಳಷ್ಟು ಹಿಂಜರಿಯುತ್ತವೆ. ಸಾಲಕ್ಕೆ ವಿಮೆ ಬೇಕು. ಖಾಸಗಿ ಕಂಪನಿಗಳು ಒಲ್ಲೆ ಅಂದಾಗ ಉಳಿಯುವುದು ರಾಜ್ಯ ಶಾಸನದಿಂದ 1991ರಲ್ಲಿ ಬಂದ ಹವಾಯಿ ಪ್ರಾಪರ್ಟಿ ಇನ್ಶೂರೆನ್ಸ್ ಅಸೋಸಿಯೇಷನ್. ಅಲ್ಲಿ ಕಂತು ಭಾರಿ, ಪರಿಹಾರಕ್ಕೆ ಮೇಲ್ಮಿತಿಯೂ ಇದೆ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ನಿವೇಶನದ ತೆರಿಗೆ ಸಂಖ್ಯೆ ತಗೊಂಡು ವಲಯ ನೋಡಿ, ಆಮೇಲೆ ವಿಮೆಯ ಲಿಖಿತ ದರಪಟ್ಟಿ, ಆಮೇಲೆ ಸಾಲದ ಮಾತು, ಕೊನೆಗೆ ಮನೆಯ ಬೆಲೆ. ಮುಂಗಡ ಕೊಟ್ಟ ಮೇಲೆ ವಿಮೆ ಕೇಳಿದವರ ವ್ಯವಹಾರವೇ ಮುರಿದು ಬೀಳುವುದು.

ಚಿಗುರೆಲೆ:
ತುಂಬ ಉಪಕಾರವಾಯಿತು ಸರ್. ಹಾಗಾದರೆ ಪುನಾ ಪೂರ್ತಿ ಬಿಡಬೇಕಾ? ಹವಾಯಿಯನ್ ಪ್ಯಾರಡೈಸ್ ಪಾರ್ಕ್ ಅನ್ನುವ ಬಡಾವಣೆ ವಲಯ 3 ಅಂತ ತೋರಿಸುತ್ತಿದೆ.

ಕಪ್ಪುನೆಲ:
ಪೂರ್ತಿ ಬಿಡಬೇಕಿಲ್ಲ. ಆ ಬಡಾವಣೆಯ ಬಹುಭಾಗ ವಲಯ 3, ಹಿಲೋದಷ್ಟೇ ವರ್ಗ. ಆದರೆ ನಕ್ಷೆಯಲ್ಲಿ ಗೆರೆ ಎಳೆದ ಹಾಗೆ ನೆಲದಲ್ಲಿ ಅಪಾಯ ನಿಲ್ಲುವುದಿಲ್ಲ. ಗೆರೆಯ ಎರಡೂ ಬದಿಗೆ ಮೈಲಿಯಷ್ಟು ಅಗಲದಲ್ಲಿ ಅಪಾಯ ನಿಧಾನವಾಗಿ ಬದಲಾಗುತ್ತದೆ ಅಂತ ನಕ್ಷೆ ಮಾಡಿದವರೇ ಹೇಳುತ್ತಾರೆ. ಇನ್ನು ಆ ನಕ್ಷೆ ಹರಿಯುವ ಲಾವಾಕ್ಕೆ ಮಾತ್ರ. ಬೂದಿ, ಅನಿಲ, ಭೂಕಂಪ ಅದರಲ್ಲಿಲ್ಲ.

ಒಂದು ಎಕರೆ ಅಂದಾಗ ನಮ್ಮವರ ಕಣ್ಣಿಗೆ ನಲವತ್ತು ಗುಂಟೆ ಕಪ್ಪು ಮಣ್ಣು ಕಾಣುತ್ತದೆ. ಅಲ್ಲಿರುವುದು ಮಣ್ಣಲ್ಲ, ಬಂಡೆ. ಹಾಳೆಹಾಳೆಯಾಗಿ ಹೆಪ್ಪುಗಟ್ಟಿದ ಪಾಹೊಯಿಹೊಯಿ ಲಾವಾ, ಅದರ ಬಿರುಕಿನಲ್ಲಿ ಓಹಿಯಾ ಮರದ ಬೇರು. ಬುಲ್ಡೋಜರ್ ಕರೆಸಿ ಸೀಳಿ, ಮಟ್ಟ ಮಾಡಿ, ಕೆಂಪು ಅಥವಾ ಕಪ್ಪು ಲಾವಾ ಪುಡಿ ಹಾಸಬೇಕು. ‘ಬ್ಲೂ ರಾಕ್’ ಎನ್ನುವ ಗಟ್ಟಿ ಕಲ್ಲು ಸಿಕ್ಕರೆ ಸೆಪ್ಟಿಕ್ ಗುಂಡಿಯ ಖರ್ಚು ಏರುತ್ತದೆ. ಕೆಳಗೆ ಲಾವಾ ಸುರಂಗವಿದ್ದರೆ ನೆಲ ಕುಸಿಯಬಹುದು. ಅಗೆಯುವವರನ್ನು ಕರೆದುಕೊಂಡು ಹೋಗಿ ತೋರಿಸದೆ ಖಾಲಿ ನಿವೇಶನ ಕೊಳ್ಳಬೇಡಿ.

ಪುನಾದಲ್ಲಿ ಇನ್ನೂ ನೋಡಬೇಕಾದದ್ದು: ಬಡಾವಣೆಯ ರಸ್ತೆ ಖಾಸಗಿ, ದುರಸ್ತಿಗೆ ಸಂಘದ ವಾರ್ಷಿಕ ಶುಲ್ಕ. ಪಾಹೋವಾ ಕಡೆಯಿಂದ ಹೊರಬರಲು ಮುಖ್ಯ ದಾರಿ ಹೆದ್ದಾರಿ 130 ಒಂದೇ, ಬೆಳಿಗ್ಗೆ ಹಿಲೋ ಕಡೆಗೆ ವಾಹನ ಸಾಲುಗಟ್ಟುತ್ತದೆ. ಆಲ್ಬಿಜಿಯಾ ಮರಗಳಂತೂ ಎಲ್ಲೆಲ್ಲೂ. ಬೇಗ ಬೆಳೆಯುವ ಮೆದು ಮರ, ಗಾಳಿಗೆ ಪಟಪಟ ಮುರಿಯುತ್ತದೆ. 2014ರ ಆಗಸ್ಟ್‌ನಲ್ಲಿ ಇಸೆಲ್ ಚಂಡಮಾರುತ ಬಂದಾಗ ರಸ್ತೆ ಮುಚ್ಚಿದ್ದು, ವಿದ್ಯುತ್ ತಂತಿ ಹರಿದದ್ದು ಬಹುಮಟ್ಟಿಗೆ ಈ ಮರಗಳಿಂದಲೇ. ಮನೆಯ ಸೂರಿನಿಂದ ಮರದ ಎತ್ತರದಷ್ಟು ಅಂತರ ಇದೆಯಾ ನೋಡಿ, ಪಕ್ಕದ ನಿವೇಶನದ ಮರವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಪರವಾನಗಿ. ಅಲ್ಲಿ ಕೌಂಟಿಯ (ಸ್ಥಳೀಯ ಆಡಳಿತದ) ಪರವಾನಗಿ ಇಲ್ಲದೆ ಕಟ್ಟಿದ ಮನೆಗಳು ಸಾಕಷ್ಟಿವೆ. ಅಂಥದ್ದಕ್ಕೆ ಸಾಲ, ವಿಮೆ ಸಿಗುವುದು ಕಷ್ಟ.

ನೀರಿನಲೆಕ್ಕ:
ಪುನಾ, ವಾಲ್ಕೆನೋ, ದಕ್ಷಿಣದ ಓಷನ್ ವ್ಯೂ, ಕೋನಾದ ಮೇಲ್ಭಾಗ: ಈ ಜಾಗಗಳಲ್ಲಿ ಬಹಳಷ್ಟು ಮನೆಗಳಿಗೆ ಕೌಂಟಿ ನಲ್ಲಿ ಇಲ್ಲ, ಚಾವಣಿಯ ಮಳೆನೀರೇ ಗತಿ. ಅದಕ್ಕೇ ಈ ವಿಷಯ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಸೂತ್ರ ಇಷ್ಟೇ: ಒಂದು ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಚಿಮ್ಮಿ ಹೋಗುವುದು, ಆವಿಯಾಗುವುದು, ತೊಟ್ಟಿ ತುಂಬಿ ಹರಿಯುವುದು ಎಲ್ಲ ಸೇರಿ ಶೇ. 20 ಕಳೆಯಿರಿ. 130 ಚದರ ಮೀಟರ್ ಚಾವಣಿ, ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಇದ್ದರೆ 3,12,000 ಲೀಟರ್, ದಿನಕ್ಕೆ 855. ನಾಲ್ಕು ಜನಕ್ಕೆ ಧಾರಾಳ. ಅದೇ ಚಾವಣಿ 1,000 ಮಿಲಿಮೀಟರ್ ಬೀಳುವ ಕಡೆ ಇದ್ದರೆ ದಿನಕ್ಕೆ 285 ಲೀಟರ್. ತಲಾ 100 ಲೀಟರ್ ಬಳಸಿದರೂ 400 ಬೇಕು. ಉಳಿದದ್ದಕ್ಕೆ ಟ್ಯಾಂಕರ್. ಓಷನ್ ವ್ಯೂನಲ್ಲಿ ಜಮೀನು ಅಗ್ಗ, ನೀರು ತರಿಸುವ ಖರ್ಚು ಪ್ರತಿ ತಿಂಗಳದ್ದು.

ಸಾಮಾನ್ಯವಾಗಿ ಕಾಣುವ ತೊಟ್ಟಿ 10,000 ಗ್ಯಾಲನ್, ಅಂದರೆ ಸುಮಾರು 38,000 ಲೀಟರ್. ದಿನಕ್ಕೆ 400 ಲೀಟರಿನಂತೆ 95 ದಿನ, 760ರಂತೆ 50 ದಿನ ಬರುತ್ತದೆ. ಹಿಲೋ ಬದಿಯಲ್ಲೂ ಬರ ಬೀಳುವ ವರ್ಷಗಳಿವೆ, ಆಗ ಟ್ಯಾಂಕರಿಗೆ ಸರತಿ.

ಮನೆ ನೋಡಲು ಹೋದಾಗ ತೊಟ್ಟಿಯನ್ನು ಹೀಗೆ ಪರೀಕ್ಷಿಸಿ.

ಚಾವಣಿ: ಬಣ್ಣ ಹಚ್ಚಿದ ಲೋಹದ ತಗಡು ಒಳ್ಳೆಯದು. ಸೀಸದ ಪಟ್ಟಿ, ಸೀಸದ ಬೆಸುಗೆ, ಹಳೆಯ ಸೀಸದ ಬಣ್ಣ ಇದ್ದರೆ ಬೇಡ. ಜ್ವಾಲಾಮುಖಿಯ ಅನಿಲದಿಂದ ಮಳೆ ಆಮ್ಲೀಯವಾಗುತ್ತದೆ, ಆ ನೀರು ಲೋಹವನ್ನು ಕರಗಿಸುತ್ತದೆ. 1988ರಲ್ಲಿ ಈ ದ್ವೀಪದ ಮಳೆನೀರಿನ ಮನೆಗಳ ನಲ್ಲಿಯಲ್ಲಿ ಸೀಸ ಪತ್ತೆಯಾದದ್ದು ಹೀಗೆ. ಮಗು ಇರುವ ಮನೆ, ಆದ್ದರಿಂದ ಪ್ರಯೋಗಾಲಯದ ಸೀಸ ಪರೀಕ್ಷೆ ಕಡ್ಡಾಯ ಅಂತಲೇ ತಿಳಿಯಿರಿ. ಬೆಳಿಗ್ಗೆ ಮೊದಲು ಬಿಟ್ಟ ನೀರನ್ನೇ ಹಿಡಿದು ಕೊಡಬೇಕು, ರಾತ್ರಿಯಿಡೀ ಕೊಳವೆಯಲ್ಲಿ ನಿಂತದ್ದು ಅದೇ.

ತೊಟ್ಟಿ: ಉಕ್ಕಿನ ಸುತ್ತುಗೋಡೆ, ಒಳಗೆ ಕುಡಿಯುವ ನೀರಿಗೆ ಒಪ್ಪಿಗೆ ಪಡೆದ ಪ್ಲಾಸ್ಟಿಕ್ ಹಾಸು, ಮೇಲೆ ಬಟ್ಟೆಯ ಮುಚ್ಚಳ. ಮುಚ್ಚಳ ಹರಿದಿದ್ದರೆ ಬೆಳಕು ಬಿದ್ದು ಪಾಚಿ ಕಟ್ಟುತ್ತದೆ, ಇಲಿ, ಕಪ್ಪೆ, ಗೊಂಡೆಹುಳ ಒಳಗೆ ಬೀಳುತ್ತವೆ. ಸಿಮೆಂಟ್ ತೊಟ್ಟಿಯಲ್ಲಿ ನೀರಿನ ಆಮ್ಲೀಯತೆ ತಾನೇ ತಗ್ಗುತ್ತದೆ, ಬೇರೆ ತೊಟ್ಟಿಗೆ ಅಡಿಗೆ ಸೋಡ ಹಾಕಿ ಸರಿಪಡಿಸುತ್ತಾರೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ಕೊಳವೆ ಇದೆಯಾ ನೋಡಿ.

ಶೋಧನೆ: 20 ಮೈಕ್ರಾನ್, ಆಮೇಲೆ 5 ಮೈಕ್ರಾನ್, ಆಮೇಲೆ ನೇರಳಾತೀತ ದೀಪ. ಈ ಕ್ರಮ ತಪ್ಪಬಾರದು. ಕಲಕು ನೀರಿನಲ್ಲಿ ಕಣದ ನೆರಳಿಗೆ ಸೂಕ್ಷ್ಮಾಣು ಉಳಿದುಬಿಡುತ್ತದೆ. ದೀಪ ಉರಿಯುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು, ಬೆಳಕು ಕಂಡರೂ ಶಕ್ತಿ ಕುಂದಿರುತ್ತದೆ. ನೇರಳಾತೀತ ದೀಪ ಸೀಸವನ್ನಾಗಲಿ ರಾಸಾಯನಿಕವನ್ನಾಗಲಿ ತೆಗೆಯುವುದಿಲ್ಲ.

ಪಂಪ್ ವಿದ್ಯುತ್ತಿನಿಂದ ಓಡುವುದು. ಕರೆಂಟ್ ಹೋದರೆ ತೊಟ್ಟಿ ತುಂಬಿದ್ದರೂ ನಲ್ಲಿಯಲ್ಲಿ ಹನಿ ಬರುವುದಿಲ್ಲ. ತೊಟ್ಟಿಯ ಬುಡದಲ್ಲಿ ಕೈಯಿಂದ ತಿರುಗಿಸುವ ನಲ್ಲಿ ಒಂದಿರಲಿ.

ಹಿಲೋಹನಿ:
ಉಬ್ಬಸದ ಬಗ್ಗೆ ಯಾರೂ ಬಿಡಿಸಿ ಹೇಳಲಿಲ್ಲ. ಅತ್ತೆಯವರ ಆರೋಗ್ಯವೇ ಇಲ್ಲಿ ಮೊದಲ ಜರಡಿ ಆಗಬೇಕು.

ಕಿಲಾವೇಯಾ ಉಗುಳುವ ಗಂಧಕದ ಡೈಆಕ್ಸೈಡ್ ಗಾಳಿಯಲ್ಲಿ ತೇವ, ಬಿಸಿಲು ಸೇರಿ ಸೂಕ್ಷ್ಮ ಸಲ್ಫೇಟ್ ಮಬ್ಬಾಗುತ್ತದೆ. ಅದನ್ನೇ ವಾಗ್ ಅನ್ನುತ್ತಾರೆ. ಈಶಾನ್ಯದ ಗಾಳಿ ಅದನ್ನು ದಕ್ಷಿಣದ ಪಹಾಲಾ, ಕಾಊ ಕಡೆಗೆ ತಳ್ಳಿ, ದ್ವೀಪದ ದಕ್ಷಿಣ ತುದಿ ಬಳಸಿ ಕೋನಾಕ್ಕೆ ತರುತ್ತದೆ. ಕೋನಾದಲ್ಲಿ ಹಗಲು ಕಡಲ ಗಾಳಿ ಮೇಲಕ್ಕೆ, ರಾತ್ರಿ ಬೆಟ್ಟದ ಗಾಳಿ ಕೆಳಕ್ಕೆ. ಮಬ್ಬು ಅಲ್ಲೇ ಹಿಂದೆ ಮುಂದೆ ಆಡುತ್ತ ಉಳಿಯುತ್ತದೆ. ಪಹಾಲಾದಲ್ಲಿ ಅನಿಲ ಹೆಚ್ಚು, ಕೋನಾದಲ್ಲಿ ಸೂಕ್ಷ್ಮಕಣ ಹೆಚ್ಚು. ಎರಡೂ ಉಬ್ಬಸಕ್ಕೆ ಕೆಟ್ಟದ್ದು. ಚಳಿಗಾಲದಲ್ಲಿ ವಾಣಿಜ್ಯ ಮಾರುತ ನಿಂತು ದಕ್ಷಿಣದ ಗಾಳಿ ಬಂದಾಗ ಸರದಿ ಹಿಲೋದ್ದು.

2018ರ ಸ್ಫೋಟ ಮುಗಿದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಗಾಳಿ ತಿಳಿಯಾಗಿತ್ತು. 2024ರ ಡಿಸೆಂಬರ್ 23ರಿಂದ ಶಿಖರದ ಕುಳಿಯಲ್ಲಿ ಬಿಟ್ಟುಬಿಟ್ಟು ಲಾವಾ ಕಾರಂಜಿ ಶುರುವಾಯಿತು. ಕಾರಂಜಿ ಎದ್ದ ಹೊತ್ತಿನಲ್ಲಿ ಅನಿಲ ಒಮ್ಮೆಲೇ ಏರುತ್ತದೆ, ಶಿಖರದ ಸುತ್ತ ಗಾಜಿನ ಎಳೆಯಂಥ ಚೂರು ಉದುರುತ್ತದೆ. ಅದು ಮಳೆನೀರಿನ ಚಾವಣಿಗೂ ಬೀಳುವುದರಿಂದ ವಾಲ್ಕೆನೋ ಊರಿನವರು ಆಗ ತೊಟ್ಟಿಗೆ ಹೋಗುವ ಕೊಳವೆ ಬಿಚ್ಚಿಡಬೇಕಾಗುತ್ತದೆ.

ಹಾಗಾಗಿ ಪಹಾಲಾ, ಓಷನ್ ವ್ಯೂ, ವಾಲ್ಕೆನೋ, ದಕ್ಷಿಣ ಕೋನಾ ನಿಮ್ಮ ಪಟ್ಟಿಯಿಂದ ತೆಗೆಯಿರಿ. ಉಳಿಯುವುದು ಹಿಲೋ, ಹಾಮಾಕುವಾ, ವೈಮೇಯಾ, ಕೊಹಾಲಾ. ಆದರೆ ಹಿಲೋದಲ್ಲಿ ಇನ್ನೊಂದು ತೊಂದರೆ: ಬೂಷ್ಟು. ಬಟ್ಟೆಯ ಬೀರು, ಚರ್ಮದ ಚಪ್ಪಲಿ, ಪುಸ್ತಕದ ಬೆನ್ನು, ಹಾಸಿಗೆಯ ಅಡಿ, ಎಲ್ಲ ಕಡೆ. ಬೂಷ್ಟು, ಧೂಳುಹುಳ ಎರಡೂ ಉಬ್ಬಸ ಕೆದಕುತ್ತವೆ. ಗಾಳಿ ಎರಡು ಕಡೆಯಿಂದ ಹಾಯುವ ಪಟ್ಟಿ ಕಿಟಕಿ, ಅಗಲ ಸೂರು, ನೆಲದಿಂದ ಎತ್ತರಿಸಿದ ಮನೆ ಇದ್ದರೆ ಅರ್ಧ ಗೆದ್ದ ಹಾಗೆ. ನೆಲಕ್ಕೆ ಅಂಟಿದ ಕಾಂಕ್ರೀಟ್ ತಳದ, ಮರದ ನೆರಳಿನ ಮನೆ ಬೇಡವೇ ಬೇಡ. ಅತ್ತೆಯವರ ಕೋಣೆಯೊಂದನ್ನಾದರೂ ಮುಚ್ಚುವ ಹಾಗೆ ಮಾಡಿ, ತೇವ ಹೀರುವ ಯಂತ್ರ ಇಡಿ, ತೇವಾಂಶ ಶೇ. 50-55ರಲ್ಲಿ ನಿಲ್ಲಲಿ. ವಾಗ್ ದಿನಗಳಿಗೆ ಹೆಪಾ ಶೋಧಕ ಕಣ ಹಿಡಿಯುತ್ತದೆ, ಅನಿಲ ಹಿಡಿಯಲು ಅದರಲ್ಲಿ ಇದ್ದಿಲಿನ ಪದರವೂ ಬೇಕು.

ಕೋನಾಕಾಫಿ:
ಕೋನಾವನ್ನು ಪಟ್ಟಿಯಿಂದ ಇಷ್ಟು ಬೇಗ ತೆಗೆಯುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಉತ್ತರ ಕೋನಾದ 1,400 ಅಡಿಯ ಹೊಲುವಾಲೋವಾದಂಥ ಜಾಗದಲ್ಲಿ ಎ.ಸಿ. ಬೇಡ, ಹೀಟರ್ ಬೇಡ. ಬೂಷ್ಟಿನ ಕಾಟ ಹಿಲೋಗಿಂತ ಎಷ್ಟೋ ಕಡಿಮೆ. ಅವರೆಕಾಳು, ಬೆಣ್ಣೆಹಣ್ಣು, ಮಾವು, ಕಾಫಿ ಎಲ್ಲ ಬರುತ್ತವೆ. ಮಾವಂತೂ ಹೂಬಿಡುವ ಕಾಲಕ್ಕೆ ಒಣಹವೆ ಕೇಳುತ್ತದೆ. ಹಿಲೋದ ಮಳೆಯಲ್ಲಿ ಹೂವು ಕರಗಿಹೋಗುತ್ತದೆ. ಕೊಡಗು, ಚಿಕ್ಕಮಗಳೂರಿನವರಿಗೆ ಗೊತ್ತಿರುವ ಶತ್ರುಗಳೇ ಇಲ್ಲೂ ಬಂದಿದ್ದಾವೆ: ಕಾಯಿಕೊರಕ 2010ರಲ್ಲಿ, ಎಲೆ ತುಕ್ಕು ರೋಗ 2020ರಲ್ಲಿ. ತೋಟ ಸಮೇತ ಮನೆ ಕೊಂಡರೆ ಉದುರಿದ ಹಣ್ಣು ಹೆಕ್ಕಿ ತೆಗೆಯುವ ಕೂಲಿಯನ್ನೂ ಲೆಕ್ಕ ಹಾಕಿ.

ಹಿಲೋಹನಿ:
ಹವೆಯ ಸುಖದಲ್ಲಿ ಕೋನಾ ಮೇಲು ಅನ್ನುವುದು ನಿಜ, ಅದಕ್ಕೆ ಎರಡು ಮಾತಿಲ್ಲ. ಉಬ್ಬಸ ಇಲ್ಲದ ಕುಟುಂಬಕ್ಕೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಸ್ಫೋಟ ನಡೆಯುವಷ್ಟು ಕಾಲ ವಾಗ್ ಅಲ್ಲಿನ ದಿನಚರಿಯ ಭಾಗ. ದೊಡ್ಡ ಆಸ್ಪತ್ರೆ ಮೂರು ಕಡೆ ಇದೆ: ಹಿಲೋ, ಕೋನಾದ ಕೆಯಾಲಕೆಕುವಾ, ವೈಮೇಯಾ. ದೊಡ್ಡ ಕಾಯಿಲೆಗೆ ಮೂರರಿಂದಲೂ ಹೊನೊಲುಲುವಿಗೆ ವಿಮಾನದಲ್ಲೇ ಕಳಿಸುತ್ತಾರೆ. ನರ್ಸ್ ಕೆಲಸ ಇವುಗಳಲ್ಲಿ ಎಲ್ಲಿ ಸಿಗುತ್ತದೋ ಅದೇ ಮನೆಯ ಜಾಗವನ್ನು ಅರ್ಧ ತೀರ್ಮಾನಿಸುತ್ತದೆ. ರಾತ್ರಿಪಾಳಿ ಮುಗಿಸಿ ಮಂಜಿನಲ್ಲಿ ಎರಡು ಬೆಟ್ಟಗಳ ನಡುವಿನ ಸ್ಯಾಡಲ್ ರೋಡಿನಲ್ಲಿ ಒಂದೂವರೆ ಗಂಟೆ ಕಾರು ಓಡಿಸುವ ಯೋಚನೆ ಬೇಡ.

ಹಿತ್ತಲಗಿಡ:
ತರಕಾರಿ ವಿಷಯ ನಾನು ಹೇಳ್ತೀನಿ ಚಿಗುರೆಲೆ ಅವರೇ.

ಬಸಳೆ, ಕೆಸು, ಬಾಳೆ, ಹಲಸು, ಜೀಗುಜ್ಜೆ: ಹಿಲೋ ಬದಿಯಲ್ಲಿ 1,500 ಅಡಿಯೊಳಗೆ ಸೊಗಸಾಗಿ ಬರ್ತವೆ. ವೈಮೇಯಾದ ಚಳಿಗೆ ಜೀಗುಜ್ಜೆ, ತೆಂಗು ಆಗಲ್ಲ, ಬದಲಿಗೆ ಎಲೆಕೋಸು, ಬೀಟ್‌ರೂಟ್, ಬಟಾಣಿ, ಸ್ಟ್ರಾಬೆರಿ ಚೆನ್ನಾಗಿ ಆಗ್ತವೆ. ಕರಿಬೇವಿಗೆ ಬಿಸಿಲು, ಬಸಿಯುವ ನೆಲ ಬೇಕು. ಹಿಲೋದಲ್ಲಿ ಎತ್ತರದ ಏರಿ ಮಾಡಿ ನೆಡಿ.

ಹೀರೆ, ಹಾಗಲ, ಸೋರೆಗೆ ಕಲ್ಲಂಗಡಿ ನೊಣದ ಕಾಟ ವಿಪರೀತ. ಎಳೆಗಾಯಿಗೇ ಮೊಟ್ಟೆ ಚುಚ್ಚತ್ತೆ, ಒಳಗೆ ಹುಳ, ಕಾಯಿ ಡೊಂಕಾಗಿ ಕೊಳೀತದೆ. ಹೂ ಬಾಡಿದ ಕೂಡಲೆ, ಕಾಯಿ ಬೆರಳುದ್ದ ಇರುವಾಗಲೇ ಕಾಗದದ ಚೀಲ ಕಟ್ಟಬೇಕು. ಎರಡು ದಿನ ತಡ ಮಾಡಿದ್ರೆ ಚೀಲದೊಳಗೇ ಹುಳ ಇರತ್ತೆ. ಕೊಳೆತ ಕಾಯಿಯನ್ನ ಗೊಬ್ಬರದ ಗುಂಡಿಗೆ ಹಾಕದೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ. ಬಾಳೆ ಕಂದು ಯಾರ ಹಿತ್ತಲಿಂದಲೂ ತರಬೇಡಿ, ಬಂಚಿ ಟಾಪ್ ವೈರಸ್ ದ್ವೀಪದಲ್ಲಿದೆ. ಅಂಗಾಂಶ ಕೃಷಿಯ ಸಸಿ ಕೊಳ್ಳಿ.

ಇದು ಎಲ್ಲಕ್ಕಿಂತ ಮುಖ್ಯ. ಪುನಾ, ಹಿಲೋ ಕಡೆ ಗೊಂಡೆಹುಳದಲ್ಲಿ ಇಲಿ ಶ್ವಾಸಕೋಶದ ಹುಳದ ಮರಿ ಇರತ್ತೆ. ಸೊಪ್ಪಿನ ಜೊತೆ ಹಸಿಯಾಗಿ ಹೊಟ್ಟೆ ಸೇರಿದರೆ ಮೆದುಳಿನ ಪೊರೆಗೆ ಉರಿಯೂತ ತರಬಹುದು. ನಮ್ಮ ಸೊಪ್ಪಿನ ಹುಳಿ, ಪಲ್ಯ ಬೇಯಿಸಿದ್ದು, ತೊಂದರೆ ಇಲ್ಲ. ಅಪಾಯ ಇರುವುದು ಕೊನೆಗೆ ಉದುರಿಸುವ ಕೊತ್ತಂಬರಿಯಲ್ಲಿ, ಕೋಸಂಬರಿಯಲ್ಲಿ. ಒಂದೊಂದು ಎಲೆ ಬಿಡಿಸಿ, ಎರಡೂ ಬದಿ ಹರಿಯುವ ನೀರಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಬೇಕು. ಮಗು ತೋಟದಲ್ಲಿ ಗೊಂಡೆಹುಳ ಮುಟ್ಟದ ಹಾಗೆ ನೋಡಿಕೊಳ್ಳಿ.

ಹಾಮಾಕುವಾ ಬದಿಗೆ ಹೋಗೋದಾದ್ರೆ ಮಣ್ಣು ಆಳ, ಒಳ್ಳೇದು, ಮೌನಾ ಕೇಯಾದ ಹಳೆಯ ಬೂದಿ ಮಣ್ಣು. ಆದ್ರೆ ಅದು ಕಬ್ಬಿನ ಗದ್ದೆಯಾಗಿದ್ದ ನೆಲ. ಕಳೆದ ಶತಮಾನದ ಮೊದಲ ಭಾಗದಲ್ಲಿ ಕಳೆ ಕೊಲ್ಲಲು ಆರ್ಸೆನಿಕ್ ಹೊಡೀತಿದ್ರು. ತರಕಾರಿ ಹಾಕುವ ಮೊದಲು ಮಣ್ಣಿನ ಆರ್ಸೆನಿಕ್ ಪರೀಕ್ಷೆ ಮಾಡಿಸಿ.

ದೂರದರ್ಶಕ:
ವೈಮೇಯಾ ಬಗ್ಗೆ ಒಂದಿಷ್ಟು. ಕೆಕ್ ವೀಕ್ಷಣಾಲಯದ ಕೇಂದ್ರ ಕಚೇರಿ ಇಲ್ಲೇ ಇರುವುದರಿಂದ ಖಗೋಳ ಕೆಲಸದವರು ಮೊದಲು ನೋಡುವ ಊರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಪಾಲುದಾರನಾಗಿರುವ, ಮೌನಾ ಕೇಯಾ ಮೇಲೆ ಕಟ್ಟಲು ಯೋಜಿಸಿದ್ದ ಮೂವತ್ತು ಮೀಟರ್ ದೂರದರ್ಶಕದಿಂದಾಗಿ ನಮ್ಮವರೂ ವಿಚಾರಿಸುವುದುಂಟು.

ಊರೊಳಗೇ ಎರಡು ಹವೆ. ಪೂರ್ವ ಬದಿ ಹಸಿ: ಮಂಜು, ಅಡ್ಡಗಾಳಿಯ ತುಂತುರು, ಬಟ್ಟೆ ಒಣಗದು. ಪಶ್ಚಿಮ ಬದಿ ಒಣ: ಬಿಸಿಲು ಮತ್ತು ಗಾಳಿ. ನಡುವೆ ಮೂರು ನಾಲ್ಕು ಕಿಲೋಮೀಟರ್ ಅಷ್ಟೇ. ಮನೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ, ಗಾಳಿ ಜೋರಾಗಿರುವುದು ಆಗ. ಹುಲ್ಲಿನ ಬಣ್ಣವೇ ಹೇಳುತ್ತದೆ, ವರ್ಷವಿಡೀ ಹಸಿರಿದ್ದರೆ ಹಸಿ ಬದಿ. ಊರಲ್ಲಿ ಕೌಂಟಿ ನೀರಿದೆ, ಆಸ್ಪತ್ರೆ ಇದೆ, ವಾಗ್ ಕಡಿಮೆ. ಬಾಡಿಗೆ ದುಬಾರಿ, ಮನೆ ಸಿಗುವುದೇ ಕಷ್ಟ.

ಪಕ್ಕದ ಆಯ್ಕೆಗಳು ಎರಡು. ಹೊನೊಕಾ: ಸುಮಾರು 1,100 ಅಡಿ, ವೈಮೇಯಾಕ್ಕೆ 25 ಕಿಲೋಮೀಟರ್, ಹಸಿರು, ಹಿಲೋಗಿಂತ ಮಳೆ ಕಡಿಮೆ. ಅಲ್ಲಿಂದ ಹಿಲೋಗೆ ಹೋಗುವ ಹೆದ್ದಾರಿ 19 ಕಂದರಗಳ ಮೇಲೆ ಹಾದುಹೋಗುತ್ತದೆ, ಜೋರು ಮಳೆಗೆ ಗುಡ್ಡ ಜರಿದು ಮುಚ್ಚುವುದುಂಟು. ವೈಕೊಲೋವಾ ವಿಲೇಜ್: ಒಣ, ಬಿಸಿಲು, ಸೋಲಾರಿಗೆ ಸೊಗಸು, ಬೂಷ್ಟಿಲ್ಲ. ಆದರೆ ಫೌಂಟನ್ ಹುಲ್ಲು ಒಣಗಿ ಕಿಚ್ಚಿಗೆ ಸಿದ್ಧವಾಗಿರುತ್ತದೆ. 2005ರಲ್ಲಿ ಊರು ಖಾಲಿ ಮಾಡಿಸಬೇಕಾಯಿತು. 2021ರ ಮಾನಾ ರಸ್ತೆಯ ಕಿಚ್ಚು 40,000 ಎಕರೆ ಆವರಿಸಿತ್ತು. ಮನೆ ಸುತ್ತ ಹತ್ತು ಮೀಟರ್ ಹುಲ್ಲು ಸವರಿರಬೇಕು, ಸೂರಿನ ಗಾಳಿಕಿಂಡಿಗೆ ಕಿಡಿ ನುಗ್ಗದಂತೆ ಸಣ್ಣ ಕಣ್ಣಿನ ಲೋಹದ ಜಾಲರಿ ಇರಬೇಕು. ಇನ್ನೂ ಒಂದು: ಆ ಬಯಲು ಎರಡನೇ ಮಹಾಯುದ್ಧದಲ್ಲಿ ಸೈನ್ಯದ ತರಬೇತಿ ಜಾಗ, ಸಿಡಿಯದ ಮದ್ದುಗುಂಡು ಇನ್ನೂ ಸಿಗುತ್ತದೆ. ನಿವೇಶನ ಶೋಧಿಸಿ ತೆರವು ಮಾಡಿದ ಪತ್ರ ಕೇಳಿ.

ಚಿಗುರೆಲೆ:
ಹಾಗಾದರೆ ವೈಮೇಯಾ ಆಸ್ಪತ್ರೆಯಲ್ಲಿ ಕೆಲಸಕ್ಕೆ ಪ್ರಯತ್ನಿಸಿ, ಹೊನೊಕಾ ಸುತ್ತ ಮನೆ ಹುಡುಕುತ್ತೇವೆ. ಮನೆ ನೋಡಲು ಹೋದ ದಿನ ಏನೇನು ಮಾಡಬೇಕು, ಒಟ್ಟಿಗೆ ಹೇಳುತ್ತೀರಾ?

ಗಾಳಿಮರೆ:
ಒಳ್ಳೆಯ ನಿರ್ಧಾರ. ವಲಯ 8, ಗಾಳಿ ತಿಳಿ, ಬಾಳೆ ಬಸಳೆಗೆ ಸಾಕಷ್ಟು ಬೆಚ್ಚಗೆ.

ಒಂದೇ ಮನೆಯನ್ನು ಎರಡು ಹೊತ್ತು ನೋಡಿ, ಹಗಲು ಒಮ್ಮೆ, ಕತ್ತಲಾದ ಮೇಲೆ ಒಮ್ಮೆ. ರಾತ್ರಿ ಹೋಗುವುದು ಕೊಕಿ ಕಪ್ಪೆಗಾಗಿ. ಪೋರ್ಟೊ ರಿಕೊದಿಂದ ಬಂದ ಹೆಬ್ಬೆರಳಿನಷ್ಟರ ಕಪ್ಪೆ, ಅರ್ಧ ಮೀಟರ್ ದೂರದಲ್ಲಿ ಅದರ ಕೂಗು 90 ಡೆಸಿಬೆಲ್ ತನಕ ಹೋಗುತ್ತದೆ. ತೇವದ, ಕೆಳಗಿನ ಜಾಗದಲ್ಲಿ ಹೆಚ್ಚು, ಚಳಿ ಮತ್ತು ಒಣ ಕಡೆ ಕಡಿಮೆ.

ಹಗಲು ಮಾಡಬೇಕಾದದ್ದು ಇರುವೆ ಪರೀಕ್ಷೆ. ಪುಟ್ಟ ಬೆಂಕಿ ಇರುವೆ 1999ರಲ್ಲಿ ಪುನಾದಲ್ಲಿ ಪತ್ತೆಯಾಗಿ ಈಗ ಬಹಳ ಕಡೆ ಹರಡಿದೆ. ಒಂದೂವರೆ ಮಿಲಿಮೀಟರ್ ಉದ್ದ, ಕಿತ್ತಳೆ ಬಣ್ಣ, ನಿಧಾನ ನಡಿಗೆ. ಮರದ ಮೇಲೂ ಗೂಡು ಕಟ್ಟುತ್ತದೆ, ಕೊಂಬೆ ಅಲುಗಿದರೆ ಕುತ್ತಿಗೆ ಮೇಲೆ ಉದುರಿ ಕಚ್ಚುತ್ತದೆ, ನಾಯಿ ಬೆಕ್ಕುಗಳ ಕಣ್ಣು ಹಾಳು ಮಾಡುತ್ತದೆ. ಚಾಪ್‌ಸ್ಟಿಕ್ ತುದಿಗೆ ಕಡಲೆಕಾಯಿ ಬೆಣ್ಣೆ ತೆಳುವಾಗಿ ಸವರಿ, ಮರದ ಬುಡ, ಹೂಕುಂಡ, ಮನೆಯ ನೆರಳಿನ ಅಂಚಿನಲ್ಲಿ ಇಡಿ. ದಪ್ಪ ಬಳಿದರೆ ಇರುವೆ ಅಂಟಿಕೊಂಡು ಗುರುತು ಸಿಗುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ತೆಗೆದು ಜಿಪ್ ಚೀಲಕ್ಕೆ ಹಾಕಿ, ಒಂದು ದಿನ ಫ್ರೀಜರಿನಲ್ಲಿಟ್ಟು ಹವಾಯಿ ಆಂಟ್ ಲ್ಯಾಬ್‌ಗೆ ಕಳಿಸಬಹುದು. ಮಧ್ಯಾಹ್ನದ ಸುಡುಬಿಸಿಲಲ್ಲಿ, ಮಳೆಯಲ್ಲಿ ಈ ಪರೀಕ್ಷೆ ಕೆಲಸ ಮಾಡದು.

ಕಪ್ಪುನೆಲ:
ಇದಕ್ಕೆ ನನ್ನದು ಎರಡು ಸೇರಿಸಿ. ಒಂದು, ಕೊಳಚೆ ಗುಂಡಿ. ಸೆಪ್ಟಿಕ್ ತೊಟ್ಟಿಯೋ, ಕೊಳಚೆಯನ್ನು ಶೋಧಿಸದೆ ನೇರ ನೆಲಕ್ಕಿಳಿಸುವ ಹಳೆಯ ಸೆಸ್‌ಪೂಲೋ ಕೇಳಿ. ರಾಜ್ಯದಲ್ಲಿರುವ ಸುಮಾರು 83,000 ಸೆಸ್‌ಪೂಲ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ದ್ವೀಪದಲ್ಲೇ ಇವೆ. 2017ರ ಕಾನೂನಿನ ಪ್ರಕಾರ 2050ರೊಳಗೆ ಎಲ್ಲವನ್ನೂ ಬದಲಿಸಬೇಕು, ಆ ಖರ್ಚು ಮನೆಯ ಮಾಲೀಕರದ್ದು. ಬೆಲೆ ಚೌಕಾಸಿಯಲ್ಲಿ ಇದನ್ನು ಮುಂದಿಡಿ.

ಎರಡು, ಮನೆಯ ಕಾಲು. ಹಾಮಾಕುವಾದ ಹಳೆಯ ಕಬ್ಬಿನ ಕ್ಯಾಂಪ್ ಮನೆಗಳು ಕಲ್ಲಿನ ಮೇಲಿಟ್ಟ ಮರದ ಕಂಬದ ಮೇಲೆ ನಿಂತಿವೆ. 2006ರ ಅಕ್ಟೋಬರ್ 15ರ 6.7 ತೀವ್ರತೆಯ ಭೂಕಂಪದ ಹಾಗೆ ನಡುಗಿದರೆ ಕಂಬ ಕಲ್ಲಿನಿಂದ ಜಾರುತ್ತದೆ. ಕಂಬಕ್ಕೂ ತಳಕ್ಕೂ ಲೋಹದ ಬಿಗಿಪಟ್ಟಿ, ಕಂಬಗಳ ನಡುವೆ ಅಡ್ಡಾದಿಡ್ಡಿ ಆಸರೆ ಇದೆಯಾ ಅಂತ ಟಾರ್ಚ್ ಹಿಡಿದು ಮನೆಯಡಿ ನುಗ್ಗಿ ನೋಡಿ. ಅದೇ ಹೊತ್ತಿಗೆ ಗೆದ್ದಲಿನ ಮಣ್ಣುದಾರಿಯನ್ನೂ ಹುಡುಕಿ.

ಹಿಲೋಹನಿ:
ಕೊಳ್ಳುವ ಮೊದಲು ಬಾಡಿಗೆಗೆ ಇರಿ, ಮತ್ತು ಆ ಅವಧಿಯಲ್ಲಿ ನವೆಂಬರ್‌ನಿಂದ ಏಪ್ರಿಲ್ ಬರಲೇಬೇಕು. ಹಾಮಾಕುವಾದಲ್ಲಿ ಹೆಚ್ಚು ಮಳೆ ಆಗಲೇ. ಜೂನ್‌ನಲ್ಲಿ ಬಂದು ಸೆಪ್ಟೆಂಬರ್‌ನಲ್ಲಿ ಕೊಂಡರೆ ಒಣಗಿದ ಮನೆಯನ್ನಷ್ಟೇ ನೋಡಿರುತ್ತೀರಿ. ಅತ್ತೆಯವರ ಕೋಣೆಯಲ್ಲಿ ತೇವಾಂಶದ ಅಳತೆಯ ಚಿಕ್ಕ ಮಾಪಕ ಇಟ್ಟು ವಾರಕ್ಕೊಮ್ಮೆ ಬರೆದಿಡಿ, ಹವಾಯಿ ವಿಶ್ವವಿದ್ಯಾಲಯದ ವಾಗ್ ಮುನ್ಸೂಚನೆಯ ಪಕ್ಕದಲ್ಲಿ ಅವರ ಇನ್‌ಹೇಲರ್ ಎಷ್ಟು ಸಲ ಬೇಕಾಯಿತು ಅನ್ನುವುದನ್ನೂ ಗುರುತು ಮಾಡಿ. ಆ ಕಾಗದವನ್ನು ವೈದ್ಯರಿಗೆ ತೋರಿಸಿದ ಮೇಲೆ ಮುಂಗಡದ ಮಾತಾಡಿ.